ಎ, ದ ಮತ್ತು ನಮ್ಮ ‘ಅನ್ನು’: ಕನ್ನಡದ ಮಕ್ಕಳಿಗೆ ಇಂಗ್ಲಿಷ್ ಡಿಟರ್ಮಿನರ್‌ಗಳು

(ಹೈದರಾಬಾದಿನ ಮಣಿಕೊಂಡದಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



‘ಅಕ್ಕ ಪುಸ್ತಕ ತಂದಳು.’ ‘ಅಕ್ಕ ಪುಸ್ತಕವನ್ನು ತಂದಳು.’ ಈ ಎರಡು ವಾಕ್ಯಗಳನ್ನು ಒಮ್ಮೆ ಬಾಯಲ್ಲಿ ಹೇಳಿಕೊಂಡು ನೋಡಿ. ಮೊದಲನೆಯದರಲ್ಲಿ ಅಕ್ಕ ಯಾವುದೋ ಒಂದು ಪುಸ್ತಕ ತಂದಿರಬಹುದು. ಕೇಳಿದವರು ‘ಯಾವ ಪುಸ್ತಕ?’ ಎಂದರೆ ತಪ್ಪಿಲ್ಲ. ಎರಡನೆಯದರಲ್ಲಿ ಆ ಪ್ರಶ್ನೆಗೆ ಜಾಗ ಕಡಿಮೆ. ಮನೆಯಲ್ಲಿ ಮೊದಲೇ ಮಾತಿಗೆ ಬಂದಿದ್ದ, ಹೇಳುವವರಿಗೂ ಕೇಳುವವರಿಗೂ ಗೊತ್ತಿರುವ ಪುಸ್ತಕ ಅದು. ಎರಡಕ್ಕೂ ಇರುವ ವ್ಯತ್ಯಾಸ ‘ಅನ್ನು’ ಒಂದೇ. ಶಾಲೆಯ ವ್ಯಾಕರಣದಲ್ಲಿ ಅದನ್ನು ದ್ವಿತೀಯಾ ವಿಭಕ್ತಿ ಎಂದು ಕರೆದು, ಕರ್ಮಪದಕ್ಕೆ ಸೇರುತ್ತದೆ ಎಂದು ಹೇಳಿ ಮುಂದಕ್ಕೆ ಹೋಗುತ್ತೇವೆ. ಯಾವಾಗ ಸೇರಬೇಕು, ಯಾವಾಗ ಬಿಟ್ಟರೂ ನಡೆಯುತ್ತದೆ ಎಂದು ಯಾವ ತಾಯಿಯೂ ಮಗುವನ್ನು ಕೂರಿಸಿಕೊಂಡು ಹೇಳಿಕೊಟ್ಟಿಲ್ಲ. ಆದರೂ ಶಾಲೆಗೆ ಸೇರುವ ಹೊತ್ತಿಗೆ ಮಗುವಿನ ಮಾತಿನಲ್ಲಿ ಅದು ಕೂತಿರುತ್ತದೆ.

ಇಂಗ್ಲಿಷಿನಲ್ಲಿ ಇಂಥದೇ ಕೆಲಸವನ್ನು ‘ಎ’ ಮತ್ತು ‘ದ’ ಎಂಬ ಎರಡು ಪುಟ್ಟ ಪದಗಳು ಮಾಡುತ್ತವೆ. ‘ಶಿ ಬ್ರಾಟ್ ಎ ಬುಕ್’, ‘ಶಿ ಬ್ರಾಟ್ ದ ಬುಕ್’. ನಾನು ಇವತ್ತು ಹೇಳಬೇಕೆಂದಿರುವುದು ಇದು: ಡಿಟರ್ಮಿನರ್ ಎಂದು ಇಂಗ್ಲಿಷ್ ವ್ಯಾಕರಣ ಕರೆಯುವ ಪದಗಳ ಹಿಂದಿರುವ ತಿಳಿವಳಿಕೆ ಕನ್ನಡದ ಮಗುವಿನಲ್ಲಿ ಈಗಾಗಲೇ ಇದೆ. ನಾವು ಅದನ್ನು ಕಡೆಗಣಿಸಿ, ಬಿಟ್ಟ ಸ್ಥಳ ತುಂಬಿಸುವ ಅಭ್ಯಾಸದಿಂದ ಪಾಠ ಶುರುಮಾಡುತ್ತಿದ್ದೇವೆ. ಅಲ್ಲಿಗೆ ಮಗುವಿಗೆ ತನ್ನ ಬಳಿ ಏನೂ ಇಲ್ಲ, ಎಲ್ಲವನ್ನೂ ಬಾಯಿಪಾಠ ಮಾಡಬೇಕು ಎಂಬ ಭಾವನೆ ಬರುತ್ತದೆ.

ಮಣಿಕೊಂಡದಲ್ಲಿ ನಿಂತು ಈ ಮಾತು ಹೇಳುವುದಕ್ಕೆ ಕಾರಣವಿದೆ. ಹಿಂದೆ ಹೈದರಾಬಾದಿನ ಕನ್ನಡವೆಂದರೆ ಕಾಚಿಗುಡ; ನೃಪತುಂಗ ಶಾಲೆ, ಕರ್ನಾಟಕ ಸಾಹಿತ್ಯ ಮಂದಿರ ಅಲ್ಲಿವೆ. ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳು 1956ರವರೆಗೂ ಹೈದರಾಬಾದ್ ರಾಜ್ಯದಲ್ಲಿದ್ದುದರಿಂದ ಆ ಕಡೆಯ ವಿದ್ಯಾರ್ಥಿಗಳಿಗೆ ಈ ಊರೇ ರಾಜಧಾನಿ. ಈಗ ಗಾಚಿಬೌಲಿ, ಫೈನಾನ್ಶಿಯಲ್ ಡಿಸ್ಟ್ರಿಕ್ಟ್‌ಗಳ ಕೆಲಸ ಹಿಡಿದು ಬಂದ ಕುಟುಂಬಗಳು ಮಣಿಕೊಂಡದಂಥ ಪಶ್ಚಿಮದ ಬಡಾವಣೆಗಳಲ್ಲಿ ನೆಲೆಸಿವೆ. ಇಲ್ಲಿಯ ಕನ್ನಡದ ಮಗು ಮನೆಯಲ್ಲಿ ಕನ್ನಡ ಆಡುತ್ತದೆ, ಲಿಫ್ಟಿನಲ್ಲಿ ತೆಲುಗು, ಆಟೋದವರೊಡನೆ ದಖನಿ, ತರಗತಿಯಲ್ಲಿ ಇಂಗ್ಲಿಷ್. ತೆಲಂಗಾಣದಲ್ಲಿ 2018ರ ಕಾಯ್ದೆಯಿಂದಾಗಿ ತೆಲುಗು ಶಾಲೆಯ ಪಾಠವೂ ಹೌದು. ಇಷ್ಟು ಭಾಷೆಗಳ ನಡುವೆ ಓಡಾಡುವ ಮಗುವಿಗೆ ಭಾಷೆಯ ಸೂಕ್ಷ್ಮ ತಿಳಿಯದು ಎಂದುಕೊಳ್ಳುವುದು ನಮ್ಮದೇ ತಪ್ಪು. ಇಂಗ್ಲಿಷ್ ಬರಲಿ ಎಂದು ಮನೆಯ ಕನ್ನಡವನ್ನು ನಿಲ್ಲಿಸುವ ತಂದೆತಾಯಿಗಳನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಇಂಗ್ಲಿಷ್ ಕಲಿಯಲು ಬೇಕಾದ ಆಧಾರವನ್ನೇ ಅವರು ತೆಗೆಯುತ್ತಿದ್ದಾರೆ ಎಂದು ನನ್ನ ದೃಢವಾದ ನಂಬಿಕೆ.

ಮೊದಲು ಡಿಟರ್ಮಿನರ್ ಎಂದರೇನು ಎಂಬುದನ್ನು ಬೇಗ ಹೇಳಿ ಮುಗಿಸುತ್ತೇನೆ. ‘ಎ’, ‘ಆ್ಯನ್’, ‘ದ’, ‘ದಿಸ್’, ‘ದ್ಯಾಟ್’, ‘ಮೈ’, ‘ಯುವರ್’, ‘ಸಮ್’, ‘ಎನಿ’, ‘ಈಚ್’, ‘ಎವ್ರಿ’, ‘ಫ್ಯೂ’, ‘ಮಚ್’, ‘ಮೆನಿ’, ‘ಆಲ್’, ‘ಬೋತ್’, ಸಂಖ್ಯಾಪದಗಳು: ಇವೆಲ್ಲ ನಾಮಪದದ ಮುಂದೆ ನಿಂತು, ಯಾವುದು, ಎಷ್ಟು, ಯಾರದು ಎಂಬುದನ್ನು ಗೊತ್ತುಮಾಡುತ್ತವೆ. 1930ರ ದಶಕದಲ್ಲಿ ಬಂದು ಭಾರತದ ಮನೆಮನೆಯನ್ನೂ ತಲುಪಿದ ರೆನ್ ಮತ್ತು ಮಾರ್ಟಿನ್ ಅವರ ವ್ಯಾಕರಣ ಇವನ್ನು ವಿಶೇಷಣಗಳ ಗುಂಪಿನಲ್ಲೇ ಇಟ್ಟಿತ್ತು. ಅದೇ ದಶಕದಲ್ಲಿ, 1933ರಲ್ಲಿ, ಅಮೆರಿಕದ ಲೆನರ್ಡ್ ಬ್ಲೂಮ್‌ಫೀಲ್ಡ್ ತಮ್ಮ ‘ಲ್ಯಾಂಗ್ವೇಜ್’ ಗ್ರಂಥದಲ್ಲಿ ಡಿಟರ್ಮಿನರ್ ಎಂಬ ಹೆಸರನ್ನು ಬಳಸಿದರು. 1985ರಲ್ಲಿ ರ್‍ಯಾಂಡಲ್ಫ್ ಕ್ವರ್ಕ್ ಮತ್ತು ಸಂಗಡಿಗರ ದೊಡ್ಡ ವ್ಯಾಕರಣ ಇವನ್ನು ಮುಂಚಿನವು, ನಡುವಿನವು, ಹಿಂದಿನವು ಎಂದು ಮೂರು ಸ್ಥಾನಗಳಲ್ಲಿ ಜೋಡಿಸಿತು. ಇವತ್ತು ಸಿಬಿಎಸ್‌ಇ ಒಂಬತ್ತು, ಹತ್ತನೆಯ ತರಗತಿಗಳ ವ್ಯಾಕರಣದಲ್ಲಿ ಡಿಟರ್ಮಿನರ್ ಒಂದು ಪ್ರತ್ಯೇಕ ವಿಷಯ.

ವಿಶೇಷಣಕ್ಕೂ ಇದಕ್ಕೂ ಇರುವ ಒಂದು ವ್ಯತ್ಯಾಸವನ್ನು ಮಕ್ಕಳು ಹಿಡಿದಿಟ್ಟುಕೊಳ್ಳಬೇಕು. ವಿಶೇಷಣವನ್ನು ಬಿಟ್ಟರೂ ವಾಕ್ಯ ನಿಲ್ಲುತ್ತದೆ. ‘ಐ ಬಾಟ್ ಎ ರೆಡ್ ಬ್ಯಾಗ್’ನಲ್ಲಿ ‘ರೆಡ್’ ತೆಗೆದರೆ ಬಣ್ಣ ಹೋಯಿತು, ವಾಕ್ಯ ಉಳಿಯಿತು. ‘ಎ’ ತೆಗೆದರೆ ವಾಕ್ಯವೇ ಕುಂಟುತ್ತದೆ. ಎಣಿಸಬಹುದಾದ ವಸ್ತು ಒಂದೇ ಇದ್ದಾಗ ಇಂಗ್ಲಿಷಿನಲ್ಲಿ ಅದರ ಹೆಸರು ಸಾಮಾನ್ಯವಾಗಿ ಒಂಟಿಯಾಗಿ ಬರುವುದಿಲ್ಲ. ಮುಂದೆ ಏನಾದರೂ ಇರಬೇಕು, ‘ಎ’, ‘ದ’, ‘ಮೈ’, ‘ದಿಸ್’, ಯಾವುದಾದರೂ. ನಮ್ಮ ಮಕ್ಕಳ ತಪ್ಪುಗಳಲ್ಲಿ ಬಹುಪಾಲು ಇಲ್ಲೇ ಹುಟ್ಟುತ್ತವೆ, ಏಕೆಂದರೆ ಕನ್ನಡದಲ್ಲಿ ‘ಚೀಲ ಕೊಂಡೆ’ ಎಂಬುದು ಪೂರ್ಣ ವಾಕ್ಯ.

ಇಷ್ಟು ಸಣ್ಣ ಪದಕ್ಕೆ ಇಷ್ಟೊಂದು ಗಮನವೇಕೆ ಎಂದು ಕೇಳುವವರಿಗೆ 1967ರ ನವೆಂಬರ್ 22ರ ಒಂದು ದಾಖಲೆಯನ್ನು ನೆನಪಿಸುತ್ತೇನೆ. ಅರಬ್–ಇಸ್ರೇಲ್ ಯುದ್ಧದ ನಂತರ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಅಂಗೀಕರಿಸಿದ 242ನೆಯ ನಿರ್ಣಯದ ಇಂಗ್ಲಿಷ್ ಪಾಠದಲ್ಲಿ, ಇಸ್ರೇಲಿನ ಸೇನೆ ಹಿಂದೆ ಸರಿಯಬೇಕಾದ ‘ಟೆರಿಟರೀಸ್’ ಎಂಬ ಪದದ ಮುಂದೆ ‘ದ’ ಇಲ್ಲ. ಫ್ರೆಂಚ್ ಪಾಠದಲ್ಲಿ ಅದೇ ಜಾಗದಲ್ಲಿ ‘ದೆ’ ಎಂಬ ರೂಪವಿದೆ; ಅದರಲ್ಲಿ ಆರ್ಟಿಕಲ್ ಸೇರಿದೆ. ಆಕ್ರಮಿಸಿದ ಎಲ್ಲ ಪ್ರದೇಶಗಳಿಂದಲೋ, ಕೆಲವು ಪ್ರದೇಶಗಳಿಂದಲೋ ಎಂಬ ವಾದ ಅಂದು ಹುಟ್ಟಿದ್ದು ಇನ್ನೂ ತೀರಿಲ್ಲ. ಒಂದು ‘ದ’ ಇದ್ದಿದ್ದರೆ ಆ ವಾದದ ರೂಪವೇ ಬೇರೆಯಾಗುತ್ತಿತ್ತು.

ಈಗ ಕನ್ನಡಕ್ಕೆ ಮರಳೋಣ. ನನ್ನ ಮಾತಿನ ತಿರುಳು ಇರುವುದು ಇಲ್ಲಿ.

‘ನಾಯಿ ಬೊಗಳುತ್ತಿದೆ’ ಎಂದು ಮನೆಯಲ್ಲಿ ಯಾರಾದರೂ ಹೇಳಿದರೆ ನಮಗೆ ಹೊಳೆಯುವುದು ನಮ್ಮ ನಾಯಿ, ಅಥವಾ ಅಪಾರ್ಟ್‌ಮೆಂಟಿನ ಗೇಟಿನ ಬಳಿ ಯಾವಾಗಲೂ ಇರುವ ನಾಯಿ. ಗೊತ್ತಿಲ್ಲದ ನಾಯಿಯಾದರೆ ‘ಯಾವುದೋ ನಾಯಿ ಬೊಗಳುತ್ತಿದೆ’ ಅಥವಾ ‘ಒಂದು ನಾಯಿ’ ಎನ್ನುತ್ತೇವೆ. ಎಂದರೆ ವಾಕ್ಯದ ಕರ್ತೃವಿನ ಜಾಗದಲ್ಲಿ ಕನ್ನಡ ಗೊತ್ತಿಲ್ಲದ್ದಕ್ಕೆ ಗುರುತು ಹಾಕುತ್ತದೆ. ಗೊತ್ತಿರುವುದನ್ನು ಹಾಗೇ ಬಿಡುತ್ತದೆ. ಕರ್ಮದ ಜಾಗದಲ್ಲಿ ಇದು ತಿರುಗುಮುರುಗು. ಅಲ್ಲಿ ಗೊತ್ತಿರುವುದಕ್ಕೆ ‘ಅನ್ನು’ ಎಂಬ ಗುರುತು ಬೀಳುತ್ತದೆ, ಗೊತ್ತಿಲ್ಲದ್ದು ಬರಿದಾಗಿ ನಿಲ್ಲುತ್ತದೆ. ‘ದೋಸೆ ತಿಂದೆ’ ಎಂದರೆ ತಿಂಡಿಗೆ ಏನು ತಿಂದೆ ಎಂಬ ಸುದ್ದಿ. ‘ದೋಸೆಯನ್ನು ತಿಂದೆ’ ಎಂದರೆ ನೀನು ಮುಚ್ಚಿಟ್ಟಿದ್ದ ದೋಸೆಯ ಗತಿ.

ಇಂಗ್ಲಿಷ್ ಎರಡೂ ಜಾಗದಲ್ಲಿ, ಗೊತ್ತಿರುವುದಕ್ಕೂ ಗೊತ್ತಿಲ್ಲದ್ದಕ್ಕೂ, ಬಾಯಿಬಿಟ್ಟು ಗುರುತು ಹಾಕುತ್ತದೆ. ಅಷ್ಟೇ ವ್ಯತ್ಯಾಸ. ನಮ್ಮ ಮಗುವಿಗೆ ಗೊತ್ತಿರುವುದು, ಗೊತ್ತಿಲ್ಲದ್ದು ಎಂಬ ಭೇದವನ್ನು ಕಲಿಸಬೇಕಾಗಿಲ್ಲ. ಇಂಗ್ಲಿಷ್ ಆ ಭೇದವನ್ನು ಪ್ರತಿ ಸಲವೂ ಹೇಳಿಸುತ್ತದೆ ಎಂಬುದನ್ನು ಮಾತ್ರ ಕಲಿಸಬೇಕು.

‘ಅನ್ನು’ ಇದೆಯೋ ಇಲ್ಲವೋ ಎಂದು ನೋಡುವ ಈ ಪರೀಕ್ಷೆಗೆ ಮಿತಿಗಳಿವೆ, ಅವನ್ನೂ ಹೇಳಬೇಕು. ‘ಬಾಗಿಲು ಹಾಕು’ ಎಂಬಲ್ಲಿ ‘ಅನ್ನು’ ಇಲ್ಲ, ಆದರೂ ಬಾಗಿಲು ಯಾವುದೆಂದು ಗೊತ್ತು. ಪ್ರತ್ಯಯವಿಲ್ಲದ ಪದ ಎರಡೂ ಕಡೆ ಹೋಗಬಲ್ಲದು, ಸಂದರ್ಭ ಅದನ್ನು ನಿರ್ಧರಿಸುತ್ತದೆ. ಮನುಷ್ಯರ ವಿಷಯದಲ್ಲಿ ‘ಅನ್ನು’ ಬಿಡಲು ಬರುವುದಿಲ್ಲ. ‘ಡಾಕ್ಟರನ್ನು ಕರೆ’ ಎನ್ನಲೇಬೇಕು, ಯಾವ ಡಾಕ್ಟರಾದರೂ ಸರಿಯೇ. ಬರೆಯುವ ಕನ್ನಡದಲ್ಲಿ ಶಿಸ್ತಿನ ಹೆಸರಿನಲ್ಲಿ ಎಲ್ಲ ಕಡೆಯೂ ‘ಅನ್ನು’ ಹಚ್ಚುವ ಅಭ್ಯಾಸವಿದೆ. ಆದ್ದರಿಂದ ಮಕ್ಕಳು ಈ ಪರೀಕ್ಷೆಯನ್ನು ಪುಸ್ತಕದ ಕನ್ನಡದಲ್ಲಿ ಮಾಡದೆ ಅಡುಗೆಮನೆಯ ಕನ್ನಡದಲ್ಲಿ ಮಾಡಬೇಕು.

ಮಕ್ಕಳ ಮನಸ್ಸಿನ ವಿಷಯದಲ್ಲಿ ನಾನು ಊಹೆ ಹೇಳುತ್ತಿಲ್ಲ. ಜೆಫ್ರಿ ಲಿಡ್ಜ್ ಮತ್ತು ಜೂಲಿಯನ್ ಮುಸೊಲಿನೊ ಎಂಬ ಭಾಷಾವಿಜ್ಞಾನಿಗಳು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಾಲ್ಕು ವರ್ಷದ ಆಸುಪಾಸಿನ ಇಂಗ್ಲಿಷ್ ಮಕ್ಕಳನ್ನೂ ಕನ್ನಡದ ಮಕ್ಕಳನ್ನೂ ಹೋಲಿಸಿ ನೋಡಿದರು. ಸಂಖ್ಯಾಪದ ಮತ್ತು ನಿಷೇಧ ಒಂದೇ ವಾಕ್ಯದಲ್ಲಿ ಬಂದು ಎರಡು ಅರ್ಥ ಹುಟ್ಟುವ ಕಡೆ ಮಕ್ಕಳು ಯಾವ ಅರ್ಥ ಹಿಡಿಯುತ್ತಾರೆ ಎಂಬುದು ಅವರ ಪ್ರಶ್ನೆ. ಎರಡೂ ಭಾಷೆಗಳ ಮಕ್ಕಳು ವಾಕ್ಯದ ಒಳರಚನೆಯನ್ನು ಒಂದೇ ಬಗೆಯಲ್ಲಿ ಅನುಸರಿಸಿದರು. ಪದಗಳ ಅನುಕ್ರಮ ಬೇರೆಯಾದರೂ ಮಕ್ಕಳ ತರ್ಕ ಬೇರೆಯಾಗಲಿಲ್ಲ. ಕನ್ನಡದ ಮಗು ಎಲ್ಲಿಯೂ ಹಿಂದೆ ಇರಲಿಲ್ಲ.

ನಾವು ತರಗತಿಯಲ್ಲಿ ಮಾಡುವ ದೊಡ್ಡ ಅನ್ಯಾಯವೆಂದರೆ ‘ದ’ ಎಂದರೆ ‘ಆ’ ಎಂದು ಹೇಳಿಕೊಡುವುದು. ‘ಸೂರ್ಯ ಹುಟ್ಟಿದ’ ಎಂಬಲ್ಲಿ ‘ಆ ಸೂರ್ಯ’ ಎನ್ನುವವರಿಲ್ಲ. ಇಂಗ್ಲಿಷಿನಲ್ಲಿ ‘ದ ಸನ್’ ಬೇಕೇ ಬೇಕು. ‘ಒಂದು ಮನೆ ನೋಡಿದೆವು, ಮಾಡು ಸೋರುತ್ತಿತ್ತು’ ಎಂಬಲ್ಲಿ ಮಾಡು ಆ ಮನೆಯದೇ ಎಂದು ಎಲ್ಲರಿಗೂ ಗೊತ್ತು. ಇಂಗ್ಲಿಷಿನಲ್ಲಿ ‘ದ ರೂಫ್’. ಮೊದಲ ಸಲ ಬಂದಾಗ ‘ಎ’, ಎರಡನೆಯ ಸಲ ‘ದ’ ಎಂಬ ಸೂತ್ರ ಇಲ್ಲಿ ಕೈಕೊಡುತ್ತದೆ, ಏಕೆಂದರೆ ಮಾಡು ಮಾತಿಗೆ ಬಂದದ್ದು ಇದೇ ಮೊದಲು. ಕೇಳುವವರಿಗೆ ಯಾವುದೆಂದು ಗೊತ್ತಾಗುತ್ತದೆಯೋ ಇಲ್ಲವೋ ಎಂಬುದೇ ಮುಖ್ಯ. ಎಷ್ಟನೆಯ ಸಲ ಎಂಬುದಲ್ಲ. ಹೇಳುವವನಿಗೆ ಮಾತ್ರ ಗೊತ್ತಿದ್ದರೂ ಸಾಲದು. ‘ನಿನ್ನೆ ಒಬ್ಬರನ್ನು ಭೇಟಿಯಾದೆ’ ಎನ್ನುವವನಿಗೆ ಆ ವ್ಯಕ್ತಿ ಯಾರೆಂದು ಚೆನ್ನಾಗಿ ಗೊತ್ತು, ಕೇಳುವವನಿಗೆ ಗೊತ್ತಿಲ್ಲ. ಅದಕ್ಕೇ ‘ಒಬ್ಬರು’, ಅದಕ್ಕೇ ಇಂಗ್ಲಿಷಿನಲ್ಲಿ ‘ಎ ಪರ್ಸನ್’. ಎದುರಿಗಿರುವವರ ತಲೆಯಲ್ಲಿ ಏನಿದೆ ಎಂದು ಯೋಚಿಸಿ ಆಡುವ ಮಾತು ಇದು. ಮಕ್ಕಳಿಗೆ ಇದನ್ನು ಕಲಿಸುವುದೆಂದರೆ ಇನ್ನೊಬ್ಬರ ಕಡೆಯಿಂದ ನೋಡುವುದನ್ನು ಕಲಿಸುವುದೂ ಹೌದು.

ಪುಸ್ತಕದ ಹೆಸರುಗಳಿಂದ ಈ ಪಾಠ ತುಂಬ ಚೆನ್ನಾಗಿ ಆಗುತ್ತದೆ. ಮೈಸೂರಿನಲ್ಲಿ ಬಾಳಿ ಬರೆದ ಆರ್.ಕೆ. ನಾರಾಯಣ್ ಅವರ ಎರಡು ಕಾದಂಬರಿಗಳನ್ನು ಪಕ್ಕಪಕ್ಕದಲ್ಲಿ ಇಡಿ. 1961ರದು ‘ದ ಮ್ಯಾನ್‌ಈಟರ್ ಆಫ್ ಮಾಲ್ಗುಡಿ’. 1983ರದು ‘ಎ ಟೈಗರ್ ಫಾರ್ ಮಾಲ್ಗುಡಿ’. ಅದೇ ಊರು, ಅದೇ ಲೇಖಕರು. ಒಂದರಲ್ಲಿ ‘ದ’, ಇನ್ನೊಂದರಲ್ಲಿ ‘ಎ’. ಮೊದಲನೆಯದರ ನರಭಕ್ಷಕ ಕಾಡಿನ ಪ್ರಾಣಿಯಲ್ಲ, ಪ್ರಾಣಿಗಳ ಚರ್ಮಕ್ಕೆ ಹುಲ್ಲು ತುಂಬುವ ವಾಸು ಎಂಬ ಮನುಷ್ಯ. ಇಡೀ ಊರಿಗೆ ಅಂಥವನು ಒಬ್ಬನೇ. ‘ಆಫ್ ಮಾಲ್ಗುಡಿ’ ಎಂಬುದು ಅವನನ್ನು ಗುರುತಿಸಿ ನಿಲ್ಲಿಸುತ್ತದೆ. ಎರಡನೆಯದರಲ್ಲಿ ಹುಲಿಗಳಲ್ಲೊಂದು ಹುಲಿ ಆ ಊರಿನ ಪಾಲಿಗೆ ಬರುತ್ತದೆ. ಓದುಗ ಅದನ್ನು ಇನ್ನು ಭೇಟಿಯಾಗಬೇಕು. ಎರಡನ್ನೂ ಅದಲುಬದಲು ಮಾಡಿ ‘ಎ ಮ್ಯಾನ್‌ಈಟರ್’, ‘ದ ಟೈಗರ್’ ಎಂದು ಓದಿಸಿ, ಏನು ಬದಲಾಯಿತು ಎಂದು ಮಕ್ಕಳನ್ನು ಕೇಳಿ. ಒಂದು ಗಂಟೆಯ ಪಾಠಕ್ಕೆ ಅಷ್ಟು ಸಾಕು. ಇನ್ನೂ ಸಮಯವಿದ್ದರೆ 1937ರ ‘ದ ಬ್ಯಾಚುಲರ್ ಆಫ್ ಆರ್ಟ್ಸ್’ ಎತ್ತಿಕೊಳ್ಳಿ. ಬಿ.ಎ. ಆದವರು ಸಾವಿರಾರು ಜನ, ಹಾಗಿದ್ದೂ ‘ದ’ ಏಕೆ? ಚಂದ್ರನ್ ಒಬ್ಬನ ಕಥೆಯ ಮೂಲಕ ಆ ಕಾಲದ ಪದವೀಧರನೆಂಬ ಮಾದರಿಯನ್ನೇ ಲೇಖಕರು ತೋರಿಸುತ್ತಿದ್ದಾರೆ ಎಂದು ನನ್ನ ಓದು. ಮಕ್ಕಳು ಬೇರೆ ಉತ್ತರ ಕೊಟ್ಟರೆ ಅದನ್ನೂ ಕೇಳಬೇಕು.

ಅನುವಾದಕರು ಈ ಆಯ್ಕೆಯನ್ನು ಪುಟಪುಟದಲ್ಲೂ ಮಾಡುತ್ತಾರೆ. ಅನಂತಮೂರ್ತಿಯವರ 1965ರ ‘ಸಂಸ್ಕಾರ’ವನ್ನು ಎ.ಕೆ. ರಾಮಾನುಜನ್ 1976ರಲ್ಲಿ ಇಂಗ್ಲಿಷಿಗೆ ತಂದಾಗ, ‘ಎ ರೈಟ್ ಫಾರ್ ಎ ಡೆಡ್ ಮ್ಯಾನ್’ ಎಂಬ ಉಪಶೀರ್ಷಿಕೆ ಕೊಟ್ಟರು. ಐದಾರು ಪದಗಳಲ್ಲಿ ಎರಡು ‘ಎ’. ಅಗ್ರಹಾರದವರಿಗೆಲ್ಲ ಸತ್ತವನು ನಾರಣಪ್ಪ ಎಂದು ಗೊತ್ತು. ಅವರ ಬಾಯಲ್ಲಿ ಅದು ‘ದ ಡೆಡ್ ಮ್ಯಾನ್’. ಪುಸ್ತಕ ಕೈಗೆತ್ತಿಕೊಂಡ ಓದುಗನಿಗೆ ಅವನು ಇನ್ನೂ ಯಾರೋ ಒಬ್ಬ. ರಾಮಾನುಜನ್ ಓದುಗನ ಕಡೆ ನಿಂತರು. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದ ಬಾನು ಮುಷ್ತಾಕ್ ಅವರ ಕಥೆಗಳಿಗೆ ದೀಪಾ ಭಾಸ್ತಿ ಕೊಟ್ಟ ಹೆಸರು ‘ಹಾರ್ಟ್ ಲ್ಯಾಂಪ್’. ಅಲ್ಲಿ ‘ಎ’ಯೂ ಇಲ್ಲ, ‘ದ’ವೂ ಇಲ್ಲ. ಶೀರ್ಷಿಕೆಗಳಿಗೆ ಆ ಸ್ವಾತಂತ್ರ್ಯವಿದೆ. ಪತ್ರಿಕೆಯ ತಲೆಬರಹಗಳೂ ಜಾಗ ಉಳಿಸಲು ಇವನ್ನು ಬಿಡುತ್ತವೆ. ಬರೀ ತಲೆಬರಹ ಮತ್ತು ಮೊಬೈಲ್ ಸಂದೇಶಗಳಲ್ಲೇ ಇಂಗ್ಲಿಷ್ ಓದುವ ಮಗುವಿನ ಕಿವಿಗೆ ‘ದ’ ಬೀಳುವುದೇ ಇಲ್ಲ ಎಂಬುದನ್ನು ಪೋಷಕರು ಗಮನಿಸಬೇಕು.

ಇನ್ನು ಉಳಿದ ಡಿಟರ್ಮಿನರ್‌ಗಳ ಕಡೆ ಬರುತ್ತೇನೆ. ಇಲ್ಲಿ ಕನ್ನಡದ ಸೊಗಸು ನನ್ನನ್ನು ಪ್ರತಿ ಸಲವೂ ಬೆರಗುಗೊಳಿಸುತ್ತದೆ. ಇಂಗ್ಲಿಷ್ ಬೇರೆ ಬೇರೆ ಪದಗಳಿಂದ ಮಾಡುವುದನ್ನು ಕನ್ನಡ ಪದದ ಕೊನೆಯ ಒಂದೊಂದು ದೀರ್ಘ ಸ್ವರದಿಂದ ಮಾಡಿಬಿಡುತ್ತದೆ. ‘ಎರಡು ಪುಸ್ತಕ’ ಎಂದರೆ ‘ಟೂ ಬುಕ್ಸ್’. ಅದೇ ಉಕಾರವನ್ನು ಎಳೆದು ‘ಎರಡೂ ಪುಸ್ತಕ’ ಎಂದರೆ ‘ಬೋತ್ ದ ಬುಕ್ಸ್’. ‘ಐದು ಮಕ್ಕಳು’ ಎಂಬುದು ‘ಐದೂ ಮಕ್ಕಳು’ ಆದರೆ ‘ಆಲ್ ದ ಫೈವ್’. ಆ ‘ದ’ ಎಲ್ಲಿಂದ ಬಂತು ಎಂದು ಮಕ್ಕಳು ಕೇಳಿದರೆ, ನಮ್ಮ ಊಕಾರದಲ್ಲೇ ಅದು ಅಡಗಿತ್ತು ಎನ್ನಬಹುದು. ಐದೂ ಎನ್ನುವಾಗ ಯಾವ ಐದು ಎಂಬುದು ಮೊದಲೇ ಗೊತ್ತಿರಲೇಬೇಕಲ್ಲ.

‘ಫ್ಯೂ’ ಮತ್ತು ‘ಎ ಫ್ಯೂ’, ‘ಲಿಟಲ್’ ಮತ್ತು ‘ಎ ಲಿಟಲ್’ ಎಂಬ ಜೋಡಿಗಳು ಮಕ್ಕಳನ್ನು ಬಹಳ ಗೋಳಾಡಿಸುತ್ತವೆ. ‘ಫ್ಯೂ’ ಎಂದರೆ ನಕಾರಾರ್ಥ, ‘ಎ ಫ್ಯೂ’ ಎಂದರೆ ಸಕಾರಾರ್ಥ ಎಂದು ಬರೆಸುತ್ತೇವೆ. ಮಗು ಪರೀಕ್ಷೆಯ ಹೊತ್ತಿಗೆ ಎರಡನ್ನೂ ತಿರುಗಿಸಿಕೊಂಡಿರುತ್ತದೆ. ಕನ್ನಡದಲ್ಲಿ ಕೇಳಿ ನೋಡಿ: ‘ಸ್ವಲ್ಪ ಹಾಲಿದೆ, ಕಾಫಿ ಮಾಡಬಹುದು.’ ‘ಹಾಲು ಸ್ವಲ್ಪವೇ ಇದೆ, ಕಾಫಿ ಆಗುವುದಿಲ್ಲ.’ ಮೊದಲನೆಯದು ‘ಎ ಲಿಟಲ್ ಮಿಲ್ಕ್’, ಎರಡನೆಯದು ‘ಲಿಟಲ್ ಮಿಲ್ಕ್’. ‘ಕೆಲವರು ಬಂದರು’ ಎಂದರೆ ‘ಎ ಫ್ಯೂ’. ‘ಬಂದವರು ಕೆಲವರೇ’ ಎಂದರೆ ‘ಫ್ಯೂ’. ಏಕಾರ ಬಂದ ಕೂಡಲೇ ಕೊರತೆಯ ದನಿ ಬಂತು. ಪಾತ್ರೆಯಲ್ಲಿರುವ ಹಾಲು ಎರಡು ಸಲವೂ ಅಷ್ಟೇ ಇರಬಹುದು. ಹೇಳುವವರ ನಿರೀಕ್ಷೆ ಬೇರೆ.

‘ಸಮ್’ ಮತ್ತು ‘ಎನಿ’ಗೂ ಹೀಗೆಯೇ. ‘ಯಾರೋ ಬಂದರು’ ಎಂಬಲ್ಲಿ ‘ಸಮ್‌ಒನ್’. ‘ಯಾರೂ ಬರಲಿಲ್ಲ’ ಎಂಬಲ್ಲಿ ‘ನೋ ಒನ್’. ‘ಯಾರಾದರೂ ಬಂದರೆ’ ಎಂಬಲ್ಲಿ ‘ಎನಿಒನ್’. ಯಾವುದೋ, ಯಾವುದೂ, ಯಾವುದಾದರೂ ಎಂಬ ಸರಣಿಯೂ ಅದೇ ಅಚ್ಚಿನದು. ಪ್ರಶ್ನೆಯ ಪದವೊಂದನ್ನೇ ಹಿಡಿದು, ಕೊನೆಯನ್ನು ಬದಲಿಸಿ ಮೂರು ಲೋಕ ಕಟ್ಟುತ್ತದೆ ನಮ್ಮ ಭಾಷೆ. ಪಕ್ಕದ ಬೆಂಚಿನ ತೆಲುಗು ಮಗುವಿನ ಬಾಯಲ್ಲೂ ಇದು ಹೀಗೆಯೇ ಇದೆ: ಎವರೋ, ಎವರೂ, ಎವರೈನಾ, ರೆಂಡು, ರೆಂಡೂ. ಮಣಿಕೊಂಡದ ತರಗತಿಯಲ್ಲಿ ಶಿಕ್ಷಕರು ಕಪ್ಪುಹಲಗೆಯ ಮೇಲೆ ಎರಡೂ ಭಾಷೆಗಳ ಸಾಲುಗಳನ್ನು ಬರೆದು, ಎದುರಿಗೆ ಇಂಗ್ಲಿಷ್ ಬರೆಯಬಹುದು. ನಿಷೇಧದ ವಿಷಯದಲ್ಲಿ ಒಂದೇ ಎಚ್ಚರ ಬೇಕು. ನಮ್ಮಲ್ಲಿ ‘ಇಲ್ಲ’ ಎಂಬುದು ಕ್ರಿಯಾಪದದಲ್ಲಿ ಇರುತ್ತದೆ; ಇಂಗ್ಲಿಷಿನ ‘ನೋ’ ನಾಮಪದದ ಮುಂದೆಯೇ ಬಂದು ಕೂರಬಲ್ಲದು. ‘ಯಾವ ಮಗುವೂ ಬರಲಿಲ್ಲ’ ಎಂಬುದನ್ನು ಪದಕ್ಕೆ ಪದ ಹಾಕಿದ ಮಗು ‘ನೋ ಚೈಲ್ಡ್ ಡಿಡ್ ನಾಟ್ ಕಮ್’ ಎಂದು ಬರೆಯುತ್ತದೆ, ಅರ್ಥ ತಲೆಕೆಳಗಾಗುತ್ತದೆ.

ಎರಡು ಭಾಷೆಗಳು ನಿಜಕ್ಕೂ ಬೇರೆ ದಾರಿ ಹಿಡಿಯುವ ಕಡೆಗಳೂ ಇವೆ. ಎಣಿಕೆಯ ವಿಷಯದಲ್ಲಿ ಕನ್ನಡ ಕೇಳುವ ಮೊದಲ ಪ್ರಶ್ನೆ, ಮನುಷ್ಯರೋ ಅಲ್ಲವೋ ಎಂಬುದು: ಒಬ್ಬ, ಇಬ್ಬರು, ಮೂವರು ಬೇರೆ, ಒಂದು, ಎರಡು, ಮೂರು ಬೇರೆ, ಕೆಲವರು ಬೇರೆ, ಕೆಲವು ಬೇರೆ. ಇಂಗ್ಲಿಷಿಗೆ ಆ ಪ್ರಶ್ನೆಯೇ ಇಲ್ಲ. ಅದು ಕೇಳುವುದು ಎಣಿಸಬಹುದೋ ಇಲ್ಲವೋ ಎಂದು. ಎಣಿಸಬಹುದಾದರೆ ‘ಮೆನಿ’, ‘ಫ್ಯೂ’. ಇಲ್ಲವಾದರೆ ‘ಮಚ್’, ‘ಲಿಟಲ್’. ನಾವು ಎರಡಕ್ಕೂ ‘ಎಷ್ಟು’, ‘ಬಹಳ’ ಎನ್ನುತ್ತೇವೆ. ‘ಎರಡು ಸಲಹೆ ಕೊಟ್ಟರು’ ಎಂಬುದು ಒಳ್ಳೆಯ ಕನ್ನಡ. ‘ಟೂ ಅಡ್ವೈಸಸ್’ ಎಂದರೆ ತಪ್ಪು. ‘ಅಡ್ವೈಸ್’, ‘ಇನ್ಫರ್ಮೇಶನ್’, ‘ಫರ್ನಿಚರ್’, ‘ಲಗೇಜ್’ ಇವೆಲ್ಲ ಇಂಗ್ಲಿಷಿನ ಲೆಕ್ಕದಲ್ಲಿ ಎಣಿಕೆಗೆ ಸಿಗದವು. ಕುರ್ಚಿಯನ್ನು ಎಣಿಸಬಹುದು, ‘ಫರ್ನಿಚರ್’ ಎಣಿಸಲಾಗದು ಎಂಬುದಕ್ಕೆ ವಸ್ತುವಿನಲ್ಲಿ ಕಾರಣವಿಲ್ಲ, ಅದು ಭಾಷೆಯ ಕಟ್ಟಳೆ. ಇದನ್ನು ಮಾತ್ರ ಕಲಿತೇ ತಿಳಿಯಬೇಕು, ಪದ ಕಲಿಯುವಾಗಲೇ ಕಲಿಯಬೇಕು.

ಇನ್ನೊಂದು ‘ಮೈ ಒನ್ ಫ್ರೆಂಡ್’. ಹೈದರಾಬಾದಿನಲ್ಲೂ ಬೆಂಗಳೂರಿನಲ್ಲೂ ದಿನವೂ ಕೇಳುತ್ತೇವೆ. ‘ನನ್ನ ಒಬ್ಬ ಗೆಳೆಯ’, ‘ನನ್ನ ಆ ಪುಸ್ತಕ’ ಎಂದು ಕನ್ನಡದಲ್ಲಿ ಧಾರಾಳವಾಗಿ ಹೇಳುತ್ತೇವೆ; ಒಡೆತನದ ಪದ, ತೋರುವ ಪದ ಒಟ್ಟಿಗೆ ಬರುವುದಕ್ಕೆ ನಮ್ಮಲ್ಲಿ ಅಡ್ಡಿಯಿಲ್ಲ. ಇಂಗ್ಲಿಷಿನ ನಡುವಿನ ಸ್ಥಾನದಲ್ಲಿ ಒಂದಕ್ಕೆ ಮಾತ್ರ ಜಾಗ. ‘ಮೈ’ ಕೂತರೆ ‘ಎ’, ‘ದ’, ‘ದಿಸ್’ ಕೂರುವಂತಿಲ್ಲ. ಅದಕ್ಕೇ ‘ಎ ಫ್ರೆಂಡ್ ಆಫ್ ಮೈನ್’ ಎಂದು ಸುತ್ತಿ ಬರಬೇಕು. ‘ಮೈ ಒನ್ ಫ್ರೆಂಡ್’ ಎಂದಾಗ ಇಂಗ್ಲಿಷರಿಗೆ ನನಗಿರುವುದು ಒಬ್ಬನೇ ಗೆಳೆಯ ಎಂದು ಕೇಳಿಸುತ್ತದೆ.

‘ಎ’ ಮತ್ತು ‘ಆ್ಯನ್’ ವಿಷಯದಲ್ಲಿ ಮಕ್ಕಳಿಗೆ ಸ್ವರಾಕ್ಷರಗಳ ಪಟ್ಟಿ ಕೊಡುವುದನ್ನು ಬಿಡಬೇಕು. ಅಕ್ಷರಕ್ಕೂ ಇದಕ್ಕೂ ಸಂಬಂಧವಿಲ್ಲ, ಉಚ್ಚಾರಕ್ಕೆ ಸಂಬಂಧ. ‘ಆ್ಯನ್ ಅವರ್’, ‘ಎ ಯೂನಿವರ್ಸಿಟಿ’, ‘ಆ್ಯನ್ ಎಂಎಲ್‌ಎ’. ಆಗಮ ಸಂಧಿ ಓದಿದ ಮಗುವಿಗೆ ಇದು ಕಷ್ಟವಲ್ಲ: ಮನೆ ಮತ್ತು ಅನ್ನು ಸೇರುವಾಗ ಎರಡು ಸ್ವರ ತಾಗಬಾರದೆಂದು ನಾವು ಯಕಾರ ತರುತ್ತೇವೆ, ಅವರಲ್ಲಿ ನಕಾರ ನಿಲ್ಲುತ್ತದೆ. ಚರಿತ್ರೆಯಲ್ಲಿ ನಡೆದದ್ದು ಹಿಂದುಮುಂದಾಗಿ, ಮೊದಲಿದ್ದುದು ನಕಾರವಿದ್ದ ರೂಪವೇ, ವ್ಯಂಜನದ ಮುಂದೆ ಅದು ಬಿದ್ದುಹೋಯಿತು. ಆದರೆ ಬಾಯಿಗೆ ಆಗುವ ಅನುಕೂಲ ಎರಡರಲ್ಲೂ ಒಂದೇ. ನಮ್ಮ ಮಕ್ಕಳು ತಪ್ಪುವುದು ಬೇರೆ ಕಾರಣಕ್ಕೆ. ಕನ್ನಡದಲ್ಲಿ ಪದದ ಮೊದಲ ಎಕಾರವನ್ನು ‘ಯೆ’ ಎಂದು ಉಚ್ಚರಿಸುವುದು ರೂಢಿ. ‘ಎಗ್’ ಎಂಬುದು ‘ಯೆಗ್’ ಆದಾಗ ಮಗು ತನ್ನ ಕಿವಿಗೆ ನಿಷ್ಠೆಯಿಂದ ‘ಎ ಯೆಗ್’ ಎಂದು ಬರೆಯುತ್ತದೆ. ‘ಯಿಯರ್’ ಎಂಬುದು ‘ಇಯರ್’ ಆದಾಗ ‘ಆ್ಯನ್ ಇಯರ್’ ಎನ್ನುತ್ತದೆ. ಸೂತ್ರ ಮಗುವಿಗೆ ಗೊತ್ತಿದೆ, ತಿದ್ದಬೇಕಾದ್ದು ಉಚ್ಚಾರ.

ಹೆಸರುಗಳ ಮುಂದೆ ‘ದ’ ಬರುವ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದು ರೂಢಿಯ ವಿಷಯ. ‘ದ ಮೂಸಿ’, ‘ದ ತುಂಗಭದ್ರಾ’, ‘ದ ಡೆಕ್ಕನ್’, ‘ದ ಔಟರ್ ರಿಂಗ್ ರೋಡ್’. ಆದರೆ ‘ಹೈದರಾಬಾದ್’, ‘ಗೋಲ್ಕೊಂಡ’, ‘ಉಸ್ಮಾನ್ ಸಾಗರ್’ ಬರಿದಾಗಿ. ‘ಗೋ ಟು ಸ್ಕೂಲ್’ ಎಂದರೆ ಓದಲು ಹೋಗುವುದು. ಸಭೆಗೆಂದು ಹೋಗುವ ತಂದೆತಾಯಿ ‘ಗೋ ಟು ದ ಸ್ಕೂಲ್’.

ಕಲಿಸುವ ಕ್ರಮದ ಬಗ್ಗೆ ಹೇಳಲು ಈ ಊರಿಗಿಂತ ತಕ್ಕ ಜಾಗವಿಲ್ಲ. 1958ರಲ್ಲಿ ಇಂಗ್ಲಿಷ್ ಬೋಧನೆಗೆಂದೇ ಕೇಂದ್ರ ಸಂಸ್ಥೆಯೊಂದು ಹುಟ್ಟಿದ್ದು ಹೈದರಾಬಾದಿನಲ್ಲಿ; ಇಂದು ಅದು ತಾರ್ನಾಕದ ಬಳಿಯ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ. 1963ರಲ್ಲಿ ಬೆಂಗಳೂರಿನಲ್ಲಿ ಪ್ರಾದೇಶಿಕ ಸಂಸ್ಥೆ ಶುರುವಾಯಿತು. ಆ ಸಂಸ್ಥೆಯ ಜೊತೆಗೂಡಿ ಎನ್.ಎಸ್. ಪ್ರಭು ಅವರು 1979ರಿಂದ 1984ರವರೆಗೆ ದಕ್ಷಿಣ ಭಾರತದ ಸಾಧಾರಣ ಶಾಲೆಗಳಲ್ಲಿ ನಡೆಸಿದ ಪ್ರಯೋಗ ಇಂದು ಜಗತ್ತಿನ ಭಾಷಾಬೋಧನೆಯ ಪುಸ್ತಕಗಳಲ್ಲಿ ‘ಬೆಂಗಳೂರು ಯೋಜನೆ’ ಎಂದೇ ಹೆಸರಾಗಿದೆ. ವ್ಯಾಕರಣದ ಸೂತ್ರ ಹೇಳದೆ, ರೈಲಿನ ವೇಳಾಪಟ್ಟಿ, ನಕ್ಷೆ, ಲೆಕ್ಕಾಚಾರಗಳಂಥ ಕೆಲಸ ಕೊಟ್ಟು, ಮಕ್ಕಳ ಮನಸ್ಸು ಅರ್ಥದಲ್ಲಿ ತೊಡಗಿರುವಾಗ ರಚನೆ ತಾನಾಗಿ ಒಳಗೆ ಇಳಿಯುತ್ತದೆ ಎಂಬುದು ಅವರ ನಿಲುವು. 1987ರಲ್ಲಿ ಬಂದ ‘ಸೆಕೆಂಡ್ ಲ್ಯಾಂಗ್ವೇಜ್ ಪೆಡಗಾಜಿ’ ಅದರ ವಿವರ. ಪ್ರಭು ಅವರ ನಿಲುವನ್ನು ನಾನು ಪೂರ್ತಿ ಒಪ್ಪಲಾರೆ. ಹದಿಮೂರು ವರ್ಷದ ಮಗುವಿಗೆ ಸೂತ್ರವೂ ಸಂತೋಷ ಕೊಡುತ್ತದೆ. ಆದರೆ ಡಿಟರ್ಮಿನರ್ ಮಟ್ಟಿಗೆ ಅವರ ದಾರಿ ಸರಿ ಎಂದು ನನಗೆ ಅನ್ನಿಸುತ್ತದೆ.

ಪ್ರಭು ಅವರು ಕೊಡುತ್ತಿದ್ದಂಥ ಕೆಲಸವನ್ನು ಮಣಿಕೊಂಡದ ಮಕ್ಕಳು ವಾರಕ್ಕೆ ನಾಲ್ಕು ಸಲ ಮಾಡುತ್ತಾರೆ. ಪಾರ್ಸೆಲ್ ತರುವವರು ಫೋನ್ ಮಾಡಿದಾಗ ದಾರಿ ಹೇಳುವುದು ಅವರೇ. ‘ಮುಂದೆ ಬನ್ನಿ, ಒಂದು ಔಷಧಿ ಅಂಗಡಿ ಸಿಗುತ್ತದೆ. ಆ ಅಂಗಡಿ ದಾಟಿ ಎಡಕ್ಕೆ ತಿರುಗಿ. ಗೇಟಿನ ಹತ್ತಿರ ನಿಲ್ಲಿ.’ ಮೊದಲು ‘ಒಂದು’, ಮತ್ತೆ ‘ಆ’, ಗೇಟಿಗೆ ಏನೂ ಇಲ್ಲ. ಇಂಗ್ಲಿಷಿನಲ್ಲಿ ಅನುಕ್ರಮವಾಗಿ ‘ಎ’, ‘ದ’, ‘ದ’. ತರಗತಿಯನ್ನು ಜೋಡಿಗಳಾಗಿ ಕೂರಿಸಿ, ಒಬ್ಬರ ಕೈಯಲ್ಲಿ ಬಡಾವಣೆಯ ನಕ್ಷೆ, ಇನ್ನೊಬ್ಬರ ಕೈಯಲ್ಲಿ ಖಾಲಿ ಹಾಳೆ ಕೊಟ್ಟು, ಬರೀ ಮಾತಿನಿಂದ ದಾರಿ ಬರೆಸಿ. ‘ದ’ ತಪ್ಪಾದ ಕಡೆ ಕೇಳುವ ಮಗು ತಾನಾಗಿ ‘ಯಾವುದು?’ ಎಂದು ನಿಲ್ಲಿಸುತ್ತದೆ. ಶಿಕ್ಷಕರ ಕೆಂಪು ಶಾಯಿಗಿಂತ ಆ ಪ್ರಶ್ನೆ ಬೇಗ ಕಲಿಸುತ್ತದೆ.

ಕೊನೆಯದಾಗಿ ಪರೀಕ್ಷೆಯ ಬಗ್ಗೆ ಇಲ್ಲಿರುವ ಶಿಕ್ಷಕರಲ್ಲಿ ಒಂದು ಬಿನ್ನಹ. ‘ಐ ಸಾ ಡ್ಯಾಶ್ ಡಾಗ್’ ಎಂಬ ಒಂಟಿ ವಾಕ್ಯವನ್ನು ಕೊಟ್ಟು ಬಿಟ್ಟ ಸ್ಥಳ ತುಂಬಿಸಬೇಡಿ. ಸಂದರ್ಭವಿಲ್ಲದೆ ‘ಎ’ ಕೂಡ ಸರಿ, ‘ದ’ ಕೂಡ ಸರಿ; ಒಂದಕ್ಕೆ ಅಂಕ ಕೊಟ್ಟು ಇನ್ನೊಂದನ್ನು ಹೊಡೆದರೆ ಸರಿಯಾಗಿ ಯೋಚಿಸಿದ ಮಗುವಿಗೆ ಶಿಕ್ಷೆಯಾಗುತ್ತದೆ. ನಾಲ್ಕೈದು ವಾಕ್ಯಗಳ ಪ್ಯಾರಾ ಕೊಡಿ, ಯಾರು ಯಾರಿಗೆ ಹೇಳುತ್ತಿದ್ದಾರೆ ಎಂಬುದು ಅದರಲ್ಲಿ ತಿಳಿಯಲಿ. ಮೊದಲ ಘಟಕ ಪರೀಕ್ಷೆಯಲ್ಲಾದರೂ, ಉತ್ತರದ ಪಕ್ಕದಲ್ಲಿ ಆ ಪದವನ್ನೇ ಏಕೆ ಆರಿಸಿದೆ ಎಂದು ಒಂದು ಸಾಲು ಬರೆಯಲು ಜಾಗ ಬಿಡಿ. ಆ ಸಾಲನ್ನು ಮಗು ಕನ್ನಡದಲ್ಲಿ ಬರೆದರೂ, ತೆಲುಗಿನಲ್ಲಿ ಬರೆದರೂ, ಕಾರಣ ಸರಿಯಿದ್ದರೆ ಅರ್ಧ ಅಂಕ ಕೊಡಿ.